ರೈಫಲ್ ಸೈಟಿನ ಕ್ಲಿಕ್ ಲೆಕ್ಕ: ಎಂಓಎ, ಮಿಲ್ ಮತ್ತು ಒಂದೇ ಒಂದು ಭಾಗಾಕಾರ

ಗುಂಡು ಟಾರ್ಗೆಟ್ಟಿನ ನಡುವಿನಿಂದ ಎಷ್ಟು ಆಚೆ ಬಿತ್ತು ಅನ್ನುವುದನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಆದರೆ ಸೈಟಿನ, ಅಂದರೆ ರೈಫಲ್ ಮೇಲೆ ಗುರಿ ಹಿಡಿಯುವ ಸಾಧನದ, ತಿರುಪು ತಿರುಗಿಸಿದಾಗ ಬದಲಾಗುವುದು ಕೋನ; ತಿರುಪು ಸದ್ದು ಮಾಡಿ ಸರಿಯುವ ಒಂದೊಂದು ಹೆಜ್ಜೆಯೇ ‘ಕ್ಲಿಕ್’. ಕಾಗದದ ಮಿಲಿಮೀಟರನ್ನು ಸೈಟಿನ ಕೋನಕ್ಕೆ ತರಬೇಕಾದರೆ ನಡುವೆ ಇರುವ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ 10 ಮೀಟರ್ ಏರ್ ರೈಫಲ್ ಕಲಿಯುವ ಮಕ್ಕಳಾಗಲಿ, ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ (.22) ರೈಫಲ್ ಹಿಡಿಯುವ ಕೆಡೆಟ್‌ಗಳಾಗಲಿ ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ನೂರು ಗಜಕ್ಕೆ ಒಂದಿಂಚು’ ಎಂದು ಬಾಯಿಪಾಠ ಮಾಡಿಕೊಂಡು, ಅದನ್ನೇ 10 ಮೀಟರಿಗೂ 50 ಮೀಟರಿಗೂ ಹೊಂದಿಸಲು ಹೋಗುತ್ತಾರೆ. ಬಾಯಿಪಾಠ ಬೇಕಿಲ್ಲ. ಏಳನೇ ಕ್ಲಾಸಿನ ಭಾಗಾಕಾರ ಬಂದರೆ ಸಾಕು.

ಮೊದಲೇ ಒಂದು ಮಾತು. ಇಲ್ಲಿ ಗುಂಡು ಹಾರಿಸಿ ಮಾಡುವ ಅಭ್ಯಾಸಗಳೆಲ್ಲ ರೇಂಜಿನಲ್ಲಿ, ಕೋಚ್ ಎದುರಿಗೆ ಮಾತ್ರ. ಸೈಟಿಗೆ ಕೈ ಹಾಕುವ ಮುಂಚೆ ರೈಫಲ್ ಖಾಲಿ ಮಾಡಿ, ನಳಿಗೆಗೆ ಸೇಫ್ಟಿ ಫ್ಲ್ಯಾಗ್ (ರೈಫಲ್ ಖಾಲಿ ಎಂದು ತೋರಿಸುವ ಗುರುತು) ಹಾಕಿ.

ಎರಡು ಅಳತೆಗಳು

ಒಂದು ಸುತ್ತಿಗೆ 360 ಡಿಗ್ರಿ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ‘ಮಿನಿಟ್ ಆಫ್ ಆ್ಯಂಗಲ್’, ಚಿಕ್ಕದಾಗಿ ಎಂಓಎ. ಗಡಿಯಾರದ ನಿಮಿಷಕ್ಕೂ ಇದಕ್ಕೂ ನಂಟಿಲ್ಲ. ಇದು ನಮಗೆ ಹೊಸದೂ ಅಲ್ಲ: ಪಂಚಾಂಗ ಹಾಕುವವರು ಗ್ರಹದ ಸ್ಥಾನ ಹೇಳುವಾಗ ಬಳಸುವ ‘ಕಲೆ’ ಇದೇ ಅಳತೆ. ಸುತ್ತಿಗೆ 21,600 ಕಲೆ. ಹುಣ್ಣಿಮೆ ಚಂದ್ರ ಕಣ್ಣಿಗೆ ಕಾಣುವ ಅಗಲ ಸುಮಾರು 31 ಕಲೆ, ಅಂದರೆ 31 ಎಂಓಎ. ಆಕಾಶದಲ್ಲಿ ಅಷ್ಟು ದೊಡ್ಡದಾಗಿ ಕಾಣುವ ಚಂದ್ರ ಅರ್ಧ ಡಿಗ್ರಿಯಷ್ಟೇ ಎಂದು ತಿಳಿದರೆ, ಒಂದು ಎಂಓಎ ಎಷ್ಟು ಸಣ್ಣದು ಅನ್ನುವುದು ಮನಸ್ಸಿಗೆ ಇಳಿಯುತ್ತದೆ.

ಇನ್ನೊಂದು ಅಳತೆ ಮಿಲಿರೇಡಿಯನ್, ರೇಂಜಿನ ಮಾತಿನಲ್ಲಿ ‘ಮಿಲ್’. ವೃತ್ತದ ತ್ರಿಜ್ಯದಷ್ಟೇ ಉದ್ದದ ಕಂಸವನ್ನು ವೃತ್ತದ ಅಂಚಿನಲ್ಲಿ ತೆಗೆದುಕೊಂಡರೆ ಅದು ಕೇಂದ್ರದಲ್ಲಿ ಮಾಡುವ ಕೋನ ಒಂದು ರೇಡಿಯನ್. ಅದರ ಸಾವಿರದ ಒಂದು ಪಾಲು ಮಿಲ್. ಸುತ್ತಿಗೆ ಸುಮಾರು 6,283 ಮಿಲ್. ನೇಟೋ ಸೇನೆಗಳ ದಿಕ್ಸೂಚಿಯಲ್ಲಿ ಲೆಕ್ಕದ ಅನುಕೂಲಕ್ಕೆ ಸುತ್ತನ್ನು 6,400 ಪಾಲು ಮಾಡಿರುತ್ತಾರೆ. ಸ್ಕೋಪಿನ (ರೈಫಲ್ ಮೇಲೆ ಕೂರಿಸುವ ದೂರದರ್ಶಕದ) ತಿರುಪಿನ ಲೆಕ್ಕಕ್ಕೆ ಅದನ್ನು ಎಳೆದು ತರಬೇಡಿ.

ಇವೆರಡರ ನಡುವಿನ ಕೊಂಡಿ ಆರ್ಯಭಟನ ಕಾಲದಷ್ಟು ಹಳೆಯದು. ಆತ ಜ್ಯಾ (ಇಂದಿನ ಸೈನ್) ಪಟ್ಟಿ ಕಟ್ಟುವಾಗ ತ್ರಿಜ್ಯವನ್ನು 3,438 ಕಲೆ ಎಂದು ಹಿಡಿದ. 21,600 ಅನ್ನು ಎರಡು ಪೈನಿಂದ ಭಾಗಿಸಿದರೆ ಬರುವುದು ಆ ಸಂಖ್ಯೆಯೇ, ಅಂದರೆ ಒಂದು ರೇಡಿಯನ್ನಿನಲ್ಲಿರುವ ಕಲೆಗಳು. ಅದರ ಸಾವಿರದ ಒಂದು ಪಾಲು 3.438. ಹಾಗಾಗಿ 1 ಮಿಲ್ ಅಂದರೆ 3.438 ಎಂಓಎ. ಮಿಲ್‌ನಿಂದ ಎಂಓಎಗೆ ಹೋಗಲು 3.44ರಿಂದ ಗುಣಿಸಿ, ಹಿಂದಕ್ಕೆ ಬರಲು ಅದರಿಂದಲೇ ಭಾಗಿಸಿ.

ಬೇರೆ ಬೇರೆ ದೂರದಲ್ಲಿ ಇವು ಆಗುವುದು ಇಷ್ಟು:

10 ಮೀಟರ್: 1 ಎಂಓಎ = 2.9 ಮಿ.ಮೀ., 1 ಮಿಲ್ = 10 ಮಿ.ಮೀ.
25 ಮೀಟರ್: 1 ಎಂಓಎ = 7.3 ಮಿ.ಮೀ., 1 ಮಿಲ್ = 25 ಮಿ.ಮೀ.
50 ಮೀಟರ್: 1 ಎಂಓಎ = 14.5 ಮಿ.ಮೀ., 1 ಮಿಲ್ = 50 ಮಿ.ಮೀ.
100 ಮೀಟರ್: 1 ಎಂಓಎ = 29.1 ಮಿ.ಮೀ., 1 ಮಿಲ್ = 100 ಮಿ.ಮೀ.
300 ಮೀಟರ್: 1 ಎಂಓಎ = 87.3 ಮಿ.ಮೀ., 1 ಮಿಲ್ = 300 ಮಿ.ಮೀ.

ಕಣ್ಣಳತೆಗೆ ಹೀಗೆ ಇಟ್ಟುಕೊಳ್ಳಿ. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ಸುಮಾರು 3 ಸೆಂ.ಮೀ. ಉದ್ದ, ಅದನ್ನು ಅಡ್ಡ ಮಲಗಿಸಿ 100 ಮೀಟರ್ ಆಚೆ ಇಟ್ಟರೆ 1 ಎಂಓಎ. ತಿಪಟೂರು ಕಡೆಯ ಸುಲಿದ ತೆಂಗಿನಕಾಯಿಯ ಅಡ್ಡಗಲ ಸುಮಾರು 10 ಸೆಂ.ಮೀ.; ಅದೇ ಜಾಗದಲ್ಲಿ ಅದು 1 ಮಿಲ್. ಗೂಡನ್ನು 10 ಮೀಟರಿಗೆ ತಂದರೆ ಅದೇ ಗೂಡು 10 ಎಂಓಎ ಆಗುತ್ತದೆ. ಗೂಡು ಬೆಳೆದಿಲ್ಲ, ಹತ್ತಿರ ಬಂದಿದೆ ಅಷ್ಟೇ.

ಪಟ್ಟಿಯ ಮಿಲ್ ಅಂಕಣವನ್ನು ಇನ್ನೊಮ್ಮೆ ನೋಡಿ. ದೂರ ಎಷ್ಟು ಮೀಟರೋ ಒಂದು ಮಿಲ್ ಅಷ್ಟೇ ಮಿಲಿಮೀಟರ್. ಹೇಳಿದ ಆ ಒಂದು ಭಾಗಾಕಾರ ಇದೇ:

ತಪ್ಪಿದ ಮಿಲಿಮೀಟರ್ ÷ ದೂರದ ಮೀಟರ್ = ಮಿಲ್.

ಮೀಟರಿನಲ್ಲಿ ಗುಂಡು ಹಾರಿಸುವವರಿಗೆ ಮಿಲ್ಲೇ ಸಲೀಸು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸ್ಕೋಪ್ ಎಂಓಎದ್ದಾಗಿದ್ದರೂ ಲೆಕ್ಕವನ್ನು ಮಿಲ್‌ನಲ್ಲಿ ಮಾಡಿ, ಕೊನೆಯಲ್ಲಿ 3.44ರಿಂದ ಗುಣಿಸಿದರೆ ತಪ್ಪು ಕಡಿಮೆ. ಇಂಚು ಗಜದ ಸೂತ್ರ ಹುಟ್ಟಿದ್ದು 100 ಗಜಕ್ಕೆ, ಅಂದರೆ 91.44 ಮೀಟರಿಗೆ. ಅಲ್ಲೂ ಒಂದು ಎಂಓಎ ಸರಿಯಾಗಿ ಒಂದಿಂಚಲ್ಲ, 1.047 ಇಂಚು. 100 ಮೀಟರಿನಲ್ಲಿ ಒಂದಿಂಚು ಎಂದು ಹಿಡಿದರೆ ಪ್ರತಿ ಎಂಓಎಗೆ ಮೂರೂವರೆ ಮಿಲಿಮೀಟರಿಗೂ ಹೆಚ್ಚು ಬಿಟ್ಟುಹೋಗುತ್ತದೆ.

ಹತ್ತರ ಉಂಗುರ ಎಷ್ಟು ದೊಡ್ಡದು

10 ಮೀಟರ್ ಏರ್ ರೈಫಲ್ ಟಾರ್ಗೆಟ್ಟಿನ ಹತ್ತು, ಅಂದರೆ ಹತ್ತು ಅಂಕ ಸಿಗುವ ನಡುವಿನ ಜಾಗ, ಅರ್ಧ ಮಿಲಿಮೀಟರಿನ ಚುಕ್ಕೆ. ನೋಡಿದ ಕೂಡಲೇ ಹೊಸಬರ ಎದೆ ಝಲ್ ಅನ್ನುತ್ತದೆ. ಆದರೆ ಪೆಲೆಟ್ಟಿನ (ಏರ್ ರೈಫಲ್ಲಿನ ಪುಟ್ಟ ಗುಂಡಿನ) ಅಗಲ 4.5 ಮಿ.ಮೀ.; ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತೇ. ಹಾಗಾಗಿ ಪೆಲೆಟ್ಟಿನ ನಡು, ಚುಕ್ಕೆಯ ನಡುವಿನಿಂದ 2.5 ಮಿ.ಮೀ. ಒಳಗಿದ್ದರೆ ಆಯಿತು (ಚುಕ್ಕೆಯ ಅರ್ಧ 0.25, ಪೆಲೆಟ್ಟಿನ ಅರ್ಧ 2.25). ಅಡ್ಡಗಲ 5 ಮಿ.ಮೀ., ದೂರ 10 ಮೀಟರ್, ಕೋನ 0.5 ಮಿಲ್, ಅಂದರೆ 1.72 ಎಂಓಎ.

50 ಮೀಟರ್ ರೈಫಲ್ಲಿನಲ್ಲಿ ಹತ್ತರ ಉಂಗುರ 10.4 ಮಿ.ಮೀ., ಗುಂಡು 5.6 ಮಿ.ಮೀ. ಕೂಡಿಸಿದರೆ 16 ಮಿ.ಮೀ. ಅಡ್ಡಗಲದ ಜಾಗ. 16 ÷ 50 = 0.32 ಮಿಲ್, 1.1 ಎಂಓಎ. ಕಾಗದದ ಮೇಲೆ ಮೂರು ಪಟ್ಟು ದೊಡ್ಡದಾಗಿ ಕಂಡ ಹತ್ತು, ಕೋನದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಕಿರಿದು. 10 ಮೀಟರಿನಲ್ಲಿ ಚೆನ್ನಾಗಿ ಹೊಡೆಯುವವರು 50ಕ್ಕೆ ಹೋದ ಮೊದಲ ತಿಂಗಳು ಅಂಕ ಬೀಳುವುದಕ್ಕೆ ಗಾಳಿ, ಮದ್ದುಗುಂಡಿನ ಜೊತೆಗೆ ಇದೂ ಒಂದು ಕಾರಣ.

ಈ 0.5 ಮಿಲ್ಲನ್ನು ಕೈಯಲ್ಲಿ ಹಿಡಿದು ನೋಡಬಹುದು. ಭುಜದಿಂದ ನಳಿಗೆಯ ತುದಿಗೆ ಸುಮಾರು ಒಂದು ಮೀಟರ್ ಎಂದುಕೊಳ್ಳಿ. ಹಿಂಭಾಗ ಅಲುಗದೆ ತುದಿ ಮಾತ್ರ ಕಾಲು ಮಿಲಿಮೀಟರ್ ಸರಿದರೆ ಕೋನ 0.25 ಮಿಲ್; 10 ಮೀಟರ್ ಆಚೆ 2.5 ಮಿ.ಮೀ. ಹತ್ತರ ಗಡಿ ಮುಗಿಯಿತು. ಜೆರಾಕ್ಸ್ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಎರಡು ಹಾಳೆಯನ್ನು ಬೆರಳುಗಳ ನಡುವೆ ಒತ್ತಿ ಹಿಡಿದು, ಅದರ ಅಂಚನ್ನು ಬೆಳಕಿಗೆ ತಿರುಗಿಸಿ ನೋಡಿ. ಟ್ರಿಗರ್ ಒತ್ತುವಾಗ ನಿಮಗಿರುವ ಸಲಿಗೆ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು.

ಸೈಟ್ ಸರಿಪಡಿಸುವ ಕ್ರಮ

ಒಂದೇ ಗುಂಡು ನೋಡಿ ಸೈಟ್ ತಿರುಗಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಯಾಕೆ ಅನ್ನುವುದನ್ನು ಅಂಕಿಯಲ್ಲೇ ನೋಡೋಣ.

10 ಮೀಟರಿನಲ್ಲಿ, ಗುರಿ ಬದಲಿಸದೆ, ಐದು ಪೆಲೆಟ್ ಹಾರಿಸಿ. ಐದನ್ನೂ ಒಂದೇ ಕಡೆ ಹೊಡೆದರೆ ತೂತುಗಳು ಒಂದರೊಳಗೊಂದು ಸೇರಿ ಅಳೆಯಲಾಗುವುದಿಲ್ಲ, ಆದ್ದರಿಂದ ಪ್ರತಿ ಪೆಲೆಟ್ಟಿಗೂ ಹೊಸ ಕಾರ್ಡ್ ಬಳಸಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಪರದೆಯ ಮೇಲೆ ಒಂದೊಂದರ ಜಾಗವೂ ಬೇರೆಬೇರೆಯಾಗಿ ಸಿಗುತ್ತದೆ. ಪ್ರತಿ ತೂತಿನ ನಡುವು ಟಾರ್ಗೆಟ್ಟಿನ ನಡುವಿನಿಂದ ಬಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂದು ಬರೆಯಿರಿ. ಹೀಗೆ ಬಂತು ಎನ್ನೋಣ:

ಬಲಕ್ಕೆ: 4, 7, 5, 6, 3 ಮಿ.ಮೀ. ಒಟ್ಟು 25, ಸರಾಸರಿ 5.
ಕೆಳಕ್ಕೆ: 1, 5, 2, 4, 3 ಮಿ.ಮೀ. ಒಟ್ಟು 15, ಸರಾಸರಿ 3.

ಈ ಐದು ತೂತುಗಳ ಗುಂಪೇ ಗ್ರೂಪ್. ಗ್ರೂಪಿನ ನಡುವು 5 ಬಲಕ್ಕೆ, 3 ಕೆಳಕ್ಕೆ. ಹತ್ತರಿಂದ ಭಾಗಿಸಿ: 0.5 ಮಿಲ್ ಎಡಕ್ಕೆ, 0.3 ಮಿಲ್ ಮೇಲಕ್ಕೆ ತರಬೇಕು. ನಿಮ್ಮ ಸೈಟಿನ ಒಂದು ಕ್ಲಿಕ್ಕಿಗೆ 0.035 ಮಿಲ್ ಎಂದಾದರೆ 14 ಕ್ಲಿಕ್ ಎಡಕ್ಕೆ, 9 ಕ್ಲಿಕ್ ಮೇಲಕ್ಕೆ.

ಈಗ ಎರಡನೇ ಗುಂಡು ಬಿದ್ದ ಕೂಡಲೇ (7 ಬಲಕ್ಕೆ, 5 ಕೆಳಕ್ಕೆ) ಅದನ್ನೇ ನಂಬಿ ತಿರುಗಿಸಿದ್ದರೆ? ಗ್ರೂಪಿನ ನಡುವು 2 ಮಿ.ಮೀ. ಎಡಕ್ಕೂ 2 ಮಿ.ಮೀ. ಮೇಲಕ್ಕೂ ಹೋಗುತ್ತಿತ್ತು, ಓರೆಯಾಗಿ ಅಳೆದರೆ 2.8 ಮಿ.ಮೀ. ಹತ್ತರ ಗಡಿ 2.5. ಅಂದರೆ ಒಳ್ಳೆಯ ಗ್ರೂಪ್ ಹೊಡೆಯುವವರೇ, ತಾವಾಗಿಯೇ ಸೈಟನ್ನು ಒಂಬತ್ತಕ್ಕೆ ಕಟ್ಟಿಕೊಂಡಂತೆ. ಆಮೇಲೆ ಬೀಳುವ ಗುಂಡಿಗೆ ಹಿಂದಕ್ಕೆ ತಿರುಗಿಸುತ್ತಾರೆ, ಅದರ ನಂತರದ್ದಕ್ಕೆ ಇನ್ನೊಂದು ಕಡೆಗೆ. ಇಡೀ ದಿನದ ಅಭ್ಯಾಸ ಸೈಟಿನ ಹಿಂದೆ ಅಲೆದಾಡುವುದರಲ್ಲೇ ಮುಗಿಯುತ್ತದೆ.

ಇದೇ ಗ್ರೂಪಿನ ಗಾತ್ರವನ್ನೂ ಬರೆದಿಡಿ. ಅತಿ ದೂರದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆಯಬೇಕು. ಇಲ್ಲಿ 5 ಮಿ.ಮೀ., ಅಂದರೆ 0.5 ಮಿಲ್. ಒಂದೇ ಕಾಗದದಲ್ಲಿ ಹೊಡೆದ ಗ್ರೂಪಾದರೆ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಪೆಲೆಟ್ಟಿನ 4.5 ಮಿ.ಮೀ. ಕಳೆಯಿರಿ. ಕಳೆಯಲು ಮರೆತರೆ ಈ ಗ್ರೂಪ್ 9.5 ಮಿ.ಮೀ. ಆಗಿ, ಹೆಚ್ಚುಕಮ್ಮಿ ಎರಡು ಪಟ್ಟು ಕೆಟ್ಟದಾಗಿ ಕಾಣುತ್ತದೆ.

50 ಮೀಟರಿನಲ್ಲಿ ಕಾಲು ಎಂಓಎ ಕ್ಲಿಕ್ಕಿನ ಸ್ಕೋಪ್ ಇದ್ದರೆ: ಅಲ್ಲಿ ಒಂದು ಎಂಓಎ 14.5 ಮಿ.ಮೀ., ಕ್ಲಿಕ್ಕಿಗೆ 3.6. ಗ್ರೂಪಿನ ನಡುವು 29 ಮಿ.ಮೀ. ಕೆಳಗೆ, 18 ಮಿ.ಮೀ. ಬಲಕ್ಕೆ ಇದ್ದರೆ 8 ಕ್ಲಿಕ್ ಮೇಲೆ, 5 ಕ್ಲಿಕ್ ಎಡಕ್ಕೆ. ಸ್ಕೋಪಿನ ಮೇಲೆ ‘ಒಂದು ಕ್ಲಿಕ್ ಕಾಲಿಂಚು, ನೂರು ಗಜ’ ಎಂದು ಕೊರೆದಿದ್ದರೆ 50 ಮೀಟರಿನಲ್ಲಿ ಅದು ಕಾಲಿಂಚಲ್ಲ, ಸುಮಾರು ಅದರ ಅರ್ಧ. ಕೆಡೆಟ್‌ಗಳು 25 ಮೀಟರಿಗೆ ಬಂದಾಗ ಅದರಲ್ಲೂ ಅರ್ಧ. ‘ಎಷ್ಟು ತಿರುಗಿಸಿದರೂ ಗುಂಡು ಕದಲುತ್ತಿಲ್ಲ, ಸ್ಕೋಪ್ ಕೆಟ್ಟಿದೆ’ ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ನಿಮ್ಮ ಕ್ಲಿಕ್ಕನ್ನು ನೀವೇ ಅಳೆಯಿರಿ

ಏರ್ ರೈಫಲ್ಲಿನ ಹಿಂದಿನ ಸೈಟಿನಲ್ಲಿ ಕ್ಲಿಕ್ಕಿನ ಕೋನ ಎರಡರ ಮೇಲೆ ನಿಂತಿದೆ: ಒಂದು ಕ್ಲಿಕ್ಕಿಗೆ ಸೈಟ್ ಎಷ್ಟು ಸರಿಯುತ್ತದೆ, ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಎಷ್ಟು ಉದ್ದ. ಉದಾಹರಣೆಗೆ ನಡುವೆ 700 ಮಿ.ಮೀ. ಇದ್ದು ಕ್ಲಿಕ್ಕಿಗೆ ಸೈಟ್ 0.025 ಮಿ.ಮೀ. ಸರಿದರೆ, 0.025 ÷ 0.7 = 0.036 ಮಿಲ್. ಮುಂದಿನ ಸೈಟನ್ನು ನಳಿಗೆಯ ತುದಿಯ ಕಡೆಗೆ ಜರುಗಿಸಿ, ಅಥವಾ ನಳಿಗೆಗೆ ಉದ್ದನೆಯ ಟ್ಯೂಬ್ ಹಾಕಿ ಈ ಅಂತರ ಹೆಚ್ಚಿಸಿದರೆ ಅದೇ ತಿರುಪಿನ ಅದೇ ಕ್ಲಿಕ್ ಚಿಕ್ಕದಾಗುತ್ತದೆ. ಕ್ಲಬ್ಬಿನ ರೈಫಲ್ಲುಗಳನ್ನು ಅದಲುಬದಲು ಮಾಡಿಕೊಳ್ಳುವವರು ಇದನ್ನು ಮರೆಯಬಾರದು. ಗೆಳೆಯರ ಡೈರಿಯ ಕ್ಲಿಕ್ ಲೆಕ್ಕ ನಿಮ್ಮದಾಗುವುದಿಲ್ಲ.

ಅಳೆಯುವುದು ಸುಲಭ. ರೈಫಲ್ಲನ್ನು ಮರಳು ಚೀಲದ ಮೇಲೆ ಆನಿಸಿ 10 ಮೀಟರಿನಲ್ಲಿ ಐದು ಪೆಲೆಟ್ ಹಾರಿಸಿ. 20 ಕ್ಲಿಕ್ ಒಂದೇ ದಿಕ್ಕಿಗೆ ತಿರುಗಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಇನ್ನೈದು ಹಾರಿಸಿ. ಎರಡು ಗ್ರೂಪಿನ ನಡುವುಗಳ ಅಂತರ 7 ಮಿ.ಮೀ. ಬಂದರೆ 7 ÷ 20 = 0.35 ಮಿ.ಮೀ., ಅಂದರೆ ಕ್ಲಿಕ್ಕಿಗೆ 0.035 ಮಿಲ್. ಆಮೇಲೆ 20 ಕ್ಲಿಕ್ ವಾಪಸ್ ತಿರುಗಿಸಿ ಮತ್ತೆ ಐದು ಹಾರಿಸಿ. ಮೂರನೇ ಗ್ರೂಪ್ ಮೊದಲನೆಯದರ ಮೇಲೇ ಕೂರಬೇಕು. ಕೂರಲಿಲ್ಲ ಅಂದರೆ ತಿರುಪಿನ ಹಲ್ಲಿನಲ್ಲಿ ಸಡಿಲ ಇದೆ. ಹಳೆಯ ಸೈಟುಗಳಲ್ಲಿ ಇದು ಸಾಮಾನ್ಯ: ದಿಕ್ಕು ಬದಲಿಸಿದ ಮೊದಲ ಒಂದೆರಡು ಕ್ಲಿಕ್ ಸದ್ದು ಮಾಡುತ್ತವೆ, ಸೈಟ್ ಮಾತ್ರ ಕದಲುವುದಿಲ್ಲ. ಅಂಥ ಸೈಟಿಗೆ ಒಂದು ಉಪಾಯವಿದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿ. 6 ಕ್ಲಿಕ್ ಎಡಕ್ಕೆ ಬೇಕಿದ್ದರೆ 10 ಎಡಕ್ಕೆ ಹೋಗಿ 4 ಬಲಕ್ಕೆ ಬನ್ನಿ, ಮತ್ತು ಪ್ರತಿ ಸಲವೂ ಕೊನೆಯ ತಿರುವು ಬಲಕ್ಕೇ ಇರಲಿ.

ತಿರುಪಿನ ಮೇಲಿನ ಬಾಣವನ್ನು ಕಣ್ಣು ಮುಚ್ಚಿ ನಂಬಬೇಡಿ. ಕೆಲವು ಸೈಟಿನಲ್ಲಿ ಬಾಣ ತೋರಿಸುವುದು ಗುಂಡು ಯಾವ ಕಡೆಗೆ ಹೋಗಬೇಕು ಎಂದು. ಕೆಲವದರಲ್ಲಿ, ಗುಂಡು ಯಾವ ಕಡೆ ಬಿದ್ದಿದೆಯೋ ಅದಕ್ಕೆ ಪರಿಹಾರ ಎಂದು. ಮೇಲಿನ 20 ಕ್ಲಿಕ್ ಪರೀಕ್ಷೆಯಲ್ಲೇ ಇದೂ ಗೊತ್ತಾಗುತ್ತದೆ. ಯಂತ್ರದ ನಿಯಮ ಮಾತ್ರ ಬದಲಾಗುವುದಿಲ್ಲ: ಹಿಂದಿನ ಸೈಟನ್ನು ಎತ್ತ ಸರಿಸಿದರೆ ಗುಂಡು ಅತ್ತ, ಮುಂದಿನ ಸೈಟನ್ನು ಎತ್ತ ಸರಿಸಿದರೆ ಗುಂಡು ಅದರ ಎದುರು ದಿಕ್ಕಿಗೆ.

ಸ್ಕೋಪ್ ಇರುವವರಿಗೆ ಇನ್ನೆರಡು ಹಳ್ಳಗಳಿವೆ. ಒಂದು, ಒಳಗಿನ ಗೆರೆಗಳು ಮಿಲ್, ಹೊರಗಿನ ತಿರುಪು ಎಂಓಎ. ಗೆರೆಯಲ್ಲಿ 2 ಮಿಲ್ ಕೆಳಗೆ ಎಂದು ಓದಿ, ತಿರುಪಿನಲ್ಲಿ 2 ಎಂಓಎ ಹಾಕುತ್ತಾರೆ, ಬೇಕಿದ್ದದ್ದು 6.9. ಎರಡು, ದೊಡ್ಡದು ಮಾಡಿ ತೋರಿಸುವ ಉಂಗುರ ತಿರುಗಿಸಿದಾಗ ಗೆರೆಗಳು ಚಿತ್ರದ ಜೊತೆಗೇ ಹಿಗ್ಗದಿದ್ದರೆ ಅದು ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪ್. ಅದರ ಗೆರೆಗಳ ಅಳತೆ ತಯಾರಕರು ಹೇಳಿದ ಒಂದೇ ಒಂದು ವರ್ಧನೆಯಲ್ಲಿ ಮಾತ್ರ ನಿಜ. ಅದು 12 ಆಗಿದ್ದು ನೀವು 6ರಲ್ಲಿಟ್ಟರೆ, ಗೆರೆಗಳ ನಡುವಿನ ಒಂದು ಮಿಲ್ ಎರಡು ಮಿಲ್ ಆಗಿರುತ್ತದೆ. ತಿರುಪಿನ ಕ್ಲಿಕ್ಕಿಗೆ ಈ ತೊಂದರೆ ಇಲ್ಲ, ಅದು ಎಲ್ಲ ವರ್ಧನೆಯಲ್ಲೂ ಒಂದೇ.

ರೈಫಲ್ ವಾಲಿದರೆ

ಗುಂಡು ಹಾರುವಾಗ ಕೆಳಕ್ಕೆ ಬೀಳುತ್ತಾ ಹೋಗುತ್ತದೆ. ಅದಕ್ಕೆ ಪರಿಹಾರವಾಗಿ ನಳಿಗೆ ಸ್ವಲ್ಪ ಮೇಲ್ಮುಖವಾಗಿರುತ್ತದೆ. ರೈಫಲ್ ಬಲಕ್ಕೆ ವಾಲಿದರೆ ಆ ಮೇಲ್ಮುಖದ ಒಂದು ಪಾಲು ಬಲಕ್ಕೆ ಹೊರಳುತ್ತದೆ, ಗುಂಡು ಬಲಕ್ಕೂ ಕೊಂಚ ಕೆಳಕ್ಕೂ ಬೀಳುತ್ತದೆ. ಪಕ್ಕಕ್ಕೆ ಎಷ್ಟು ಎಂದರೆ, ಬೀಳುವ ಎತ್ತರವನ್ನು ವಾಲಿದ ಕೋನದ ಸೈನ್‌ನಿಂದ ಗುಣಿಸಿದಷ್ಟು. ಸೆಕೆಂಡಿಗೆ 170 ಮೀಟರ್ ವೇಗದ ಪೆಲೆಟ್ 10 ಮೀಟರಿನಲ್ಲಿ ಸುಮಾರು 18 ಮಿ.ಮೀ. ಬೀಳುತ್ತದೆ. 5 ಡಿಗ್ರಿ ವಾಲಿದರೆ ಪಕ್ಕಕ್ಕೆ ಒಂದೂವರೆ ಮಿ.ಮೀ., 0.15 ಮಿಲ್. ಹತ್ತರೊಳಗೇ ಉಳಿಯಬಹುದು, ಆದರೆ ಸಲಿಗೆಯ ಅರ್ಧಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. 50 ಮೀಟರಿನಲ್ಲಿ ಪಾಯಿಂಟ್ ಟೂ ಟೂ ಗುಂಡು ಸುಮಾರು 12 ಸೆಂ.ಮೀ. ಬೀಳುವುದರಿಂದ ಅದೇ 5 ಡಿಗ್ರಿಗೆ ಪಕ್ಕಕ್ಕೆ 10 ಮಿ.ಮೀ.; ಹತ್ತರ ಗಡಿ 8. ಗುರಿ ಸರಿಯಾಗಿದ್ದೂ, ಟ್ರಿಗರ್ ಮೃದುವಾಗಿದ್ದೂ ಒಂಬತ್ತು.

ವಾಲುವುದೇ ತಪ್ಪಲ್ಲ. ದೇಹದ ಹೊಂದಿಕೆಗಾಗಿ ಬಹಳ ಮಂದಿ ರೈಫಲ್ಲನ್ನು ಕೊಂಚ ವಾಲಿಸಿಯೇ ಹಿಡಿಯುತ್ತಾರೆ, ಅದನ್ನು ಸೈಟಿನಲ್ಲಿ ಸರಿದೂಗಿಸಿರುತ್ತಾರೆ. ಒಂದು ಗುಂಡಿನಿಂದ ಇನ್ನೊಂದಕ್ಕೆ ವಾಲುವಿಕೆ ಬದಲಾಗುವುದು ತಪ್ಪು. ಗ್ರೂಪ್ ಅಡ್ಡಡ್ಡಲಾಗಿ ಹರಡುತ್ತಿದ್ದರೆ ಕ್ಲಿಕ್ಕಿಗೆ ಕೈ ಹಾಕುವ ಮೊದಲು ಇದನ್ನು ನೋಡಿ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡನ್ನು ಟಾರ್ಗೆಟ್ ಪಕ್ಕ ತೂಗುಹಾಕಿ, ಸೈಟಿನ ನೇರ ಗೆರೆಯನ್ನು ಆ ದಾರಕ್ಕೆ ಹೋಲಿಸಿ. ಆಷಾಢದ ಗಾಳಿಗೆ ದಾರ ಅಲುಗಿದರೆ ಕೆಳಗಿನ ಗುಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ.

ರೈಫಲ್ ಇಲ್ಲದೆ ಅಭ್ಯಾಸ

ಕೋನ ಅಳೆಯಲು ರೈಫಲ್ ಬೇಕಿಲ್ಲ. ರೇಂಜಿನ ಹೊರಗೆ ಯಾವುದನ್ನಾದರೂ ನೋಡಲು ಅದರ ಸ್ಕೋಪನ್ನು ಎತ್ತಲೇಬಾರದು. ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಸಾಕು. ಸ್ಕೇಲಿನ ನಡುವಿನ ತೂತಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕಣ್ಣಿನ ಕೆಳಗೆ ಕೆನ್ನೆಗೆ ಒತ್ತಿ ಹಿಡಿದು, ದಾರ ಬಿಗಿಯಾದಾಗ ಕಣ್ಣಿಗೂ ಸ್ಕೇಲಿಗೂ ಸರಿಯಾಗಿ 50 ಸೆಂ.ಮೀ. ಬರುವಂತೆ ಮಾಡಿ. ಈಗ ಸ್ಕೇಲಿನ ಒಂದು ಮಿಲಿಮೀಟರಿಗೆ 2 ಮಿಲ್.

ಎತ್ತರ ಗೊತ್ತಿರುವ ವಸ್ತು ಹುಡುಕಿ. ಎತ್ತರವನ್ನು ಮೀಟರಿನಲ್ಲಿ ಹಿಡಿದು ಸಾವಿರದಿಂದ ಗುಣಿಸಿ, ಕಂಡ ಮಿಲ್‌ನಿಂದ ಭಾಗಿಸಿದರೆ ದೂರ. ಚಿಕ್ಕಬಳ್ಳಾಪುರದ ಆದಿಯೋಗಿ ಮೂರ್ತಿ 112 ಅಡಿ, ಅಂದರೆ 34 ಮೀಟರ್. ಸ್ಕೇಲಿನಲ್ಲಿ ಅದು 17 ಮಿ.ಮೀ. ಎತ್ತರಕ್ಕೆ ಕಂಡರೆ 34 ಮಿಲ್; ನೀವು ನಿಂತಿರುವುದು ಒಂದು ಕಿಲೋಮೀಟರ್ ದೂರದಲ್ಲಿ. ಕೋಲಾರ, ತುಮಕೂರಿನವರು ಎತ್ತರ ಗೊತ್ತಿರುವ ನೀರಿನ ಟ್ಯಾಂಕನ್ನೋ ಕರೆಂಟ್ ಕಂಬವನ್ನೋ ಹಿಡಿಯಲಿ. ಲೆಕ್ಕ ಸರಿ ಬಂತೇ ಎಂದು ಫೋನಿನ ಮ್ಯಾಪಿನಲ್ಲಿ ದೂರ ಅಳೆದು ನೋಡಬಹುದು.

ತಪ್ಪು ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದನ್ನೂ ಇಲ್ಲೇ ಕಲಿಯಬಹುದು. ನೆಲದಿಂದ 7 ಮೀಟರ್ ಇರುವ ಕಂಬ 14 ಮಿಲ್ ಕಂಡರೆ ದೂರ 500 ಮೀಟರ್. ಅರ್ಧ ಮಿಲಿಮೀಟರ್ ತಪ್ಪಿ 13 ಎಂದು ಓದಿದರೆ 538. ಸ್ಕೇಲಿನಲ್ಲಿ ಗೆರೆಯ ದಪ್ಪಕ್ಕಿಂತ ಕೊಂಚ ಹೆಚ್ಚು, ನೆಲದ ಮೇಲೆ 38 ಮೀಟರ್. ಹಾಗಾಗಿ ಒಂದೇ ವಸ್ತುವನ್ನು ಮೂರು ಸಲ ಓದಿ ಸರಾಸರಿ ತೆಗೆಯಿರಿ, ಮತ್ತು ಸಾಧ್ಯವಾದಷ್ಟು ಎತ್ತರದ ವಸ್ತುವನ್ನೇ ಆರಿಸಿಕೊಳ್ಳಿ.

ಡೈರಿಯಲ್ಲಿ ಪ್ರತಿ ದಿನಕ್ಕೆ ಒಂದು ಸಾಲು ಸಾಕು: ದಿನಾಂಕ, ದೂರ, ರೈಫಲ್ಲಿನ ನಂಬರ್, ಪೆಲೆಟ್ ಅಥವಾ ಗುಂಡಿನ ಬ್ಯಾಚ್, ಗ್ರೂಪಿನ ಗಾತ್ರ ಮಿಲ್‌ನಲ್ಲಿ, ನಡುವು ಎತ್ತ ಎಷ್ಟು ಮಿಲ್, ಹಾಕಿದ ಕ್ಲಿಕ್. ಮಿಲಿಮೀಟರಿನಲ್ಲಿ ಬರೆದರೆ 10 ಮೀಟರಿನ ಸಾಲನ್ನು 50 ಮೀಟರಿನ ಸಾಲಿಗೆ ಹೋಲಿಸಲಾಗುವುದಿಲ್ಲ. ಮಿಲ್‌ನಲ್ಲಿ ಬರೆದರೆ ಎರಡನ್ನೂ ಒಂದರ ಕೆಳಗೊಂದು ಇಟ್ಟು ಓದಬಹುದು.